ಷಡ್ಡಕನ ಗಾಡಿಯ ಕೆಳಗೆ

ಪಟ್ಟಾ ಮೇಸ್ತ್ರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದರೆ ಹೊಸಬರು ನಂಬುವುದಿಲ್ಲ. ಲಾರಿ, ಟೆಂಪೊ, ಬಸ್ಸು, ಯಾವುದೇ ಬರಲಿ, ಅದರ ಹೊಟ್ಟೆಯ ಕೆಳಗೆ ಗೋಣಿತಾಟು ಹಾಸಿಕೊಂಡು ಮಲಗಿದವನೇ ಹೊರತು ಸ್ಟೇರಿಂಗ್ ಹಿಡಿದವನಲ್ಲ. ಗಾಡಿಯ ಭಾರವನ್ನೆಲ್ಲ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಾಗಳನ್ನು ಕಾಯಿಸಿ, ಬಡಿದು, ಬಾಗಿಸಿ ಕೂರಿಸುವುದು ಅವನ ಕಸುಬು. ಬರುವ ಗಾಡಿ ಯಾವ ಕಡೆಗೆ ವಾಲಿದೆ ಎಂದು ರಸ್ತೆಯ ಆಚೆಯಿಂದಲೇ ಹೇಳಬಲ್ಲ. ಊರಿನ ಡ್ರೈವರುಗಳೆಲ್ಲ ಅವನ ಕೈಕೆಲಸ ಒಪ್ಪಿದ್ದರು. ಆದರೆ ಅವನಿಗೆ ಅದು ಸಾಲದು. ಹೆಂಡತಿಯ ತವರಿನವರು ಒಪ್ಪಬೇಕು ಎನ್ನುವುದೊಂದು ಹುಚ್ಚು ಅವನಿಗೆ.

ಅಲ್ಲಿ ಅವನು ದೊಡ್ಡ ಅಳಿಯ. ಚಿಕ್ಕ ಅಳಿಯ ಬರುವವರೆಗೂ ಅವನ ಮಾತೇ ಮಾತು. ಆಮೇಲೆ ಬಂದ ನೋಡಿ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಫ್ರಿಜ್ ರಿಪೇರಿಯವನು! ನಗುಮುಖ, ಇಸ್ತ್ರಿ ಮಾಡಿದ ಅಂಗಿ, ಬಾಯಿ ತೆರೆದರೆ ಮನೆಯೆಲ್ಲ ನಗು. ಮೇಸ್ತ್ರಿ ಉಗುರಿನ ಸಂದಿಯ ಗ್ರೀಸು ತಿಕ್ಕಿ ತಿಕ್ಕಿ ತೊಳೆದುಕೊಂಡು ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತರೆ, ಇವನು ಸೀದಾ ಅಡುಗೆಮನೆಗೆ ನುಗ್ಗಿ ಅತ್ತೆಯ ಫ್ರಿಜ್ಜಿನ ಬಾಗಿಲು ತೆಗೆದು ನಿಲ್ಲುತ್ತಿದ್ದ. ಅತ್ತೆಗೆ ಅವನನ್ನು ಎಷ್ಟು ತಲೆ ಮೇಲೆ ಕೂರಿಸಿಕೊಂಡರೂ ಸಾಲದು.

ಇಷ್ಟನ್ನೂ ಮೇಸ್ತ್ರಿ ನುಂಗಿಕೊಂಡಿದ್ದ. ನುಂಗಲಾಗದೆ ಹೋದದ್ದು ಪಿಕಪ್ಪಿನ ವಿಷಯ.

ಮಾವ ಹಿಂದೆ ಐಸ್ ಸಾಗಿಸುತ್ತಿದ್ದ ಹಳೇ ಪಿಕಪ್ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿತ್ತು. ಓಡುತ್ತಿದ್ದಷ್ಟು ಕಾಲವೂ ಅದರ ಪಟ್ಟಾ ನೋಡಿಕೊಂಡವನು ಮೇಸ್ತ್ರಿ. ಐಸಿನ ನೀರು ಸೋರಿ ಹಾಳಾದ ಪಟ್ಟಾಗಳನ್ನು ಒಂದೊಂದಾಗಿ ಬದಲಿಸಿದವನೂ ಅವನೇ. ಒಂದು ದಿನ ಎಲ್ಲ ಊಟಕ್ಕೆ ಕೂತಾಗ ಮಾವ ಚಿಕ್ಕ ಅಳಿಯನ ಕಡೆ ತಿರುಗಿ, "ಹಿತ್ತಲಲ್ಲಿರೋ ಗಾಡಿ ನೀನೇ ತಗೊಂಡ್ಹೋಗಪ್ಪಾ, ಏನಾದ್ರೂ ಮಾಡ್ಕೋ" ಎಂದರು. ಮೇಸ್ತ್ರಿಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಮಾವನಿಗೂ ಏನೋ ಅನ್ನಿಸಿರಬೇಕು. "ನಿಂಗೆ ಓಡ್ಸೋಕೇ ಬರಲ್ವಲ್ಲೋ, ತಗೊಂಡು ಏನ್ಮಾಡ್ತೀಯ?" ಎಂದು ನಕ್ಕರು. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಬೇರೆಯವರ ನಗುವನ್ನು ಅವನು ಮರೆತಾನು, ಅವಳ ನಗುವನ್ನಲ್ಲ.

ಷಡ್ಡಕ ಅದನ್ನು ಬಂಡೆ ಹತ್ತುವ ಗಾಡಿ ಮಾಡಲು ಹೊರಟ. ಊರಾಚೆಯ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಭಾನುವಾರ ಬೆಳಿಗ್ಗೆ ಇದೇ ಹುಚ್ಚಿನವರು ಹಳೇ ಜೀಪು, ಪಿಕಪ್ಪು ತಂದು ರಸ್ತೆಯೇ ಇಲ್ಲದ ಕಡೆ ಹತ್ತಿಸಿ ಇಳಿಸುತ್ತಾರೆ. ಒಳ್ಳೇ ರಸ್ತೆ ಇರುವಾಗ ಕಲ್ಲಿನ ಮೇಲೆ ಯಾಕಪ್ಪಾ ಎಂದು ಕೇಳಬಾರದು, ಕೇಳಿದರೆ ನಮಗೇ ಏನೂ ಗೊತ್ತಿಲ್ಲ ಅಂತಾರೆ. ಅಂತೂ ಷಡ್ಡಕ ತುಕ್ಕು ಕೆರೆದ, ತಳಕ್ಕೆ ಬೆಸುಗೆ ಹಾಕಿಸಿದ, ಮುಂದೆ ದಪ್ಪ ಪೈಪಿನ ಬಂಪರ್ ಕಟ್ಟಿದ, ನೀರಿಗಿಳಿದರೂ ಎಂಜಿನ್ ಉಸಿರಾಡಲಿ ಎಂದು ಗಾಳಿಯ ಕೊಳವೆಯನ್ನು ಕ್ಯಾಬಿನ್ನಿನ ನೆತ್ತಿಗೆ ಏರಿಸಿದ. ಎಲ್ಲ ಫೋನಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಅಕ್ಕತಂಗಿಯರ ನಡುವೆ ಬೇರೆ ಮಾತೇ ಇಲ್ಲ. "ಕೇಳಿದ್ರಾ, ಹೊಸ ಟಯರ್ ಬಂತಂತೆ, ನನ್ ತಂಗಿ ಸೊಂಟದಷ್ಟು ಎತ್ತರ ಇದ್ಯಂತೆ" ಎಂದು ಹೆಂಡತಿ ವರದಿ ಒಪ್ಪಿಸುವಳು. ಮೇಸ್ತ್ರಿ "ಹೂಂ" ಎನ್ನುವನು. ಒಳಗೆ ಹೊಟ್ಟೆ ಅವನ ಕುಲುಮೆಗಿಂತ ಹೆಚ್ಚು ಉರಿಯುತ್ತಿತ್ತು.

ಒಂದೇ ಸಮಾಧಾನ. ಅಂಥ ಟಯರ್ ಕೂರಬೇಕಾದರೆ ಗಾಡಿಯನ್ನು ಎತ್ತರಿಸಬೇಕು. ಎತ್ತರಿಸಬೇಕಾದರೆ ಹೆಚ್ಚು ಬಾಗಿರುವ ಹೊಸ ಪಟ್ಟಾ ಬೇಕು. ಆಗ ಬರುತ್ತಾನೆ ಮಗ ನನ್ನ ಶೆಡ್ಡಿಗೆ! ಎಷ್ಟು ಸಲ "ನಾಳೆ ಬಾ" ಅನ್ನಬೇಕು, ಕೊನೆಗೆ ಹೇಗೆ ದೊಡ್ಡ ಮನಸ್ಸು ಮಾಡಬೇಕು ಎಂದೆಲ್ಲ ಯೋಚಿಸಿಟ್ಟಿದ್ದ. ಒಳ್ಳೆಯ ಉಕ್ಕನ್ನೂ ಮೂಲೆಯಲ್ಲಿ ತೆಗೆದಿಟ್ಟಿದ್ದ. ಷಡ್ಡಕ ಬರಲೇ ಇಲ್ಲ. ಗಾಡಿ ಆಗಲೇ ಎತ್ತರವಾಗಿ ನಿಂತಿದೆಯಂತೆ ಎಂಬ ಸುದ್ದಿ ಬಂತು.

ನಾನಿರುವಾಗ ಇನ್ಯಾವನ ಹತ್ತಿರ ಮಾಡಿಸಿದ? ಮೇಸ್ತ್ರಿ ಅಂದೇ ಕೆಲಸ ಬಿಟ್ಟು ಷಡ್ಡಕನ ಮನೆಗೆ ಹೋದ. "ನೋಡಣ್ಣ, ಹೆಂಗಿದೆ? ಈ ಭಾನುವಾರ ಕ್ವಾರೀಲಿ ಹತ್ತಿಸ್ತೀನಿ" ಎಂದು ಷಡ್ಡಕ ಗಾಡಿಯ ಸುತ್ತ ಕುಣಿದಾಡಿದ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಅದೇ ಸಂಕಟ. ಯಾರದೋ ಫೋನ್ ಬಂದು ಷಡ್ಡಕ ಪಕ್ಕಕ್ಕೆ ಹೋದ. ಮೇಸ್ತ್ರಿ ನೆಲಕ್ಕೆ ಬೆನ್ನು ಹಚ್ಚಿ ಗಾಡಿಯ ಕೆಳಗೆ ಜಾರಿದ.

ಪಟ್ಟಾ ಹಳೆಯದೇ, ತಾನೇ ಬಡಿದದ್ದು. ಅದಕ್ಕೂ ಹಿಂದಿನ ಚಕ್ರಗಳ ಆಕ್ಸಲ್ಲಿಗೂ ನಡುವೆ ಎತ್ತರಕ್ಕೆಂದು ಷಡ್ಡಕ ಇಟ್ಟಿಗೆಯಷ್ಟು ದಪ್ಪದ ಕಬ್ಬಿಣದ ಬ್ಲಾಕ್ ತುರುಕಿದ್ದ. ಒಂದಲ್ಲ, ಒಂದರ ಮೇಲೆ ಇನ್ನೊಂದು. ಒಂದಾದರೆ ಹೇಗೋ ತಡೆದೀತು. ಎರಡಿದ್ದರೆ ಕಡಿದಾದ ಏರಿನಲ್ಲಿ ಆಕ್ಸಲ್ ತಿರುಚಿಕೊಂಡಾಗ ಮೇಲಿನದು ಜಾರಿ ಹಾರುತ್ತದೆ, ಚಕ್ರ ಜಾಗ ಬಿಡುತ್ತದೆ. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎದ್ದು, ಬೆನ್ನಿನ ಧೂಳು ಕೊಡವಿ, "ಚೆನ್ನಾಗಿದೆ ಕಣೋ" ಎಂದ.

ಭಾನುವಾರ ಎಲ್ಲರೆದುರು ಹಾರಲಿ! ಗಾಡಿ ಮಗುಚುವುದಿಲ್ಲ, ಬರೀ ಕುಸಿದು ಕೂರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೀಗೆ ಮಗುಚಿದ ಗಾಡಿಗಳು ತನ್ನ ಶೆಡ್ಡಿಗೇ ಬಂದಿದ್ದವು ಎಂಬುದನ್ನು ನೆನಪಿಸಿಕೊಳ್ಳಲು ಹೋಗಲಿಲ್ಲ. ಆ ವಾರವೆಲ್ಲ ಸುತ್ತಿಗೆ ಬಡಿಯುತ್ತಾ ಸಿಳ್ಳೆ ಹಾಕುತ್ತಿದ್ದ. ಹೆಂಡತಿಗೇ ಆಶ್ಚರ್ಯ.

ಭಾನುವಾರ ಕ್ವಾರಿಗೆ ಅತ್ತೆ ಮಾವ ಕುರ್ಚಿ ಸಮೇತ ಬಂದಿದ್ದರು. ಏರಿನ ತುಂಬ ಸಡಿಲ ಕಲ್ಲು, ಎಡಕ್ಕೆ ನೀರು ನಿಂತ ಆಳದ ಹೊಂಡ. ಮೇಸ್ತ್ರಿ ಚೆನ್ನಾಗಿ ಕಾಣುವ ಜಾಗ ಹುಡುಕಿ ಕೈಕಟ್ಟಿ ನಿಂತ. ಆಗ ನಾದಿನಿ, "ಅಕ್ಕಾ, ಮೊದ್ಲು ನೀನು ಕೂತ್ಕೋಬೇಕು" ಎಂದು ಅವನ ಹೆಂಡತಿಯನ್ನು ಷಡ್ಡಕನ ಪಕ್ಕದ ಸೀಟಿಗೆ ತಳ್ಳಿ ಹತ್ತಿಸಿದಳು.

ಮೇಸ್ತ್ರಿ ಕಲ್ಲು ಎಡವುತ್ತಾ ಓಡಿದ.

"ಇಳಿ."

"ಯಾಕೆ?"

"ಸೊಂಟ ನೋವು ಅಂತಿದ್ದೆಯಲ್ಲ."

"ನಿನ್ನೆ ಇತ್ತು. ಇವತ್ತಿಲ್ಲ."

"ಕೆಳಗಿರೋ ಬ್ಲಾಕ್ ಜಾರತ್ತೆ ಕಣೇ. ಈ ಏರಲ್ಲಿ ನಿಲ್ಲಲ್ಲ."

ಷಡ್ಡಕ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ. "ಏನಣ್ಣ, ಅವತ್ತು ನೀನೇ ಕೆಳಗೆ ಮಲಗಿ ನೋಡಿ ಚೆನ್ನಾಗಿದೆ ಅಂದ್ಯಲ್ಲ!"

"ಗಾಡಿ ಇವನಿಗೆ ಕೊಡ್ಲಿಲ್ಲ ಅನ್ನೋ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ" ಎಂದು ಮಾವ ಕುರ್ಚಿಯಿಂದಲೇ ಕೂಗಿದರು. ಸುತ್ತ ನಿಂತಿದ್ದ ಜೀಪಿನವರೂ ನಕ್ಕರು. "ಮಾನ ತೆಗೀಬೇಡಿ, ಹೋಗಿ" ಎಂದು ಹೆಂಡತಿ ಹಲ್ಲು ಕಚ್ಚಿ ಹೇಳಿದಳು. ಎಂಜಿನ್ ಗುರುಗುಟ್ಟಿತು.

ಅವನ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಹಾಕುವುದಾದರೂ ಹೇಗೆ? ವರ್ಷಗಟ್ಟಲೆ ಷಡ್ಡಕನ ಎಲ್ಲದಕ್ಕೂ ಮೂಗು ಮುರಿದವನು ಈಗ ನಿಜ ಹೇಳಿದರೂ ಅದೇ ಹಳೇ ರಾಗದಂತೆ ಕೇಳಿಸುತ್ತದೆ. ಮೇಸ್ತ್ರಿ ಗಾಡಿಯ ಮುಂದೆ ಬಂದು ಎರಡೂ ಕೈ ಬಂಪರಿಗೆ ಒತ್ತಿ ನಿಂತ.

"ಹೌದು ಕಣೋ, ಹೊಟ್ಟೆಕಿಚ್ಚೇ!" ಕ್ವಾರಿಯೆಲ್ಲ ಕೇಳುವಂತೆ ಕೂಗಿದ. "ಈ ಗಾಡಿ ನಿಂಗೆ ಕೊಟ್ಟಾಗಿಂದ ನಂಗೆ ಸರಿಯಾಗಿ ಅನ್ನ ಸೇರಿಲ್ಲ. ಜಾರತ್ತೆ ಅಂತ ಅವತ್ತೇ ಗೊತ್ತಾಯ್ತು. ಬೇಕೂಂತ್ಲೇ ಚೆನ್ನಾಗಿದೆ ಅಂದೆ. ಎಲ್ಲರ ಮುಂದೆ ನಿನ್ನ ಮಾನ ಹೋಗ್ಲಿ ಅಂತ. ಈಗ ನಂದೇ ಮಾನ ನಾನೇ ಕಳ್ಕೊಳ್ತಿದೀನಿ, ಇದೂ ಸುಳ್ಳು ಅಂತೀಯೇನೋ?"

ಯಾರೂ ನಗಲಿಲ್ಲ. ಎಂಜಿನ್ ನಿಂತಿತು. ಷಡ್ಡಕ ಇಳಿದು, ಇಸ್ತ್ರಿ ಅಂಗಿಯಲ್ಲೇ ಕಲ್ಲಿನ ಮೇಲೆ ಮಲಗಿ ಕೆಳಗೆ ತೂರಿದ. ಕ್ವಾರಿಗೆ ಬರುವ ದಾರಿಯ ಕುಲುಕಾಟಕ್ಕೇ ಮೇಲಿನ ಬ್ಲಾಕ್ ಬೆರಳಗಲ ಜಾರಿತ್ತು. ಹೊರಬಂದು "ಅತ್ತಿಗೆ, ಇಳೀರಿ" ಎಂದ.

ಗಾಡಿಯನ್ನು ಮೆಲ್ಲಗೆ ಎಳೆಸಿಕೊಂಡು ಶೆಡ್ಡಿಗೆ ತಂದರು. ಮೇಸ್ತ್ರಿ "ನಾಳೆ ಬಾ" ಅನ್ನಲಿಲ್ಲ. ಮೂಲೆಯ ಉಕ್ಕು ತೆಗೆದು ಕಾಯಿಸಿದ, ಬಡಿದ, ತನ್ನ ಜನ್ಮದಲ್ಲಿ ಮಾಡದಷ್ಟು ಒಳ್ಳೆಯ ಪಟ್ಟಾ ಮಾಡಿದ. ಷಡ್ಡಕ ಇಕ್ಕಳ ಹಿಡಿದು ಪಕ್ಕದಲ್ಲೇ ಕೂತಿದ್ದ. "ನಿನ್ ಹತ್ರಾನೇ ಬರೋಣ ಅಂತಿದ್ದೆ ಅಣ್ಣ. ಗಾಡಿ ಸುದ್ದಿ ಎತ್ತಿದ್ರೆ ಮುಖ ಗಂಟಿಕ್ತಿದ್ದೆ, ಹೆದರಿಕೆ ಆಯ್ತು" ಎಂದ. ಮೇಸ್ತ್ರಿ ಸುತ್ತಿಗೆ ಎತ್ತಿದ.

ಮುಂದೊಂದು ಭಾನುವಾರ ಗಾಡಿ ಏರು ಹತ್ತಿತು. ಒಂದೊಂದು ಕಲ್ಲಿಗೂ ಪಟ್ಟಾ ಬಾಗಿ, ಮತ್ತೆ ಎದ್ದು, ಗಾಡಿಯನ್ನು ಒಂದಿಷ್ಟೂ ವಾಲಗೊಡದೆ ಮೇಲೆ ಮುಟ್ಟಿಸಿತು. ಚಪ್ಪಾಳೆ ಬಿತ್ತು, ಬಿದ್ದದ್ದು ಸ್ಟೇರಿಂಗ್ ಹಿಡಿದವನಿಗೆ. ಮಾವ ಚಿಕ್ಕ ಅಳಿಯನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಮೇಸ್ತ್ರಿಯ ಹೊಟ್ಟೆ ಮತ್ತೆ ಉರಿಯಿತು. ಏನು ಮಾಡುವುದು, ಉರಿಯಿತು. ತನ್ನವರು ಒಬ್ಬರಾದರೂ ನೋಡಿರಲಿ ಎಂದು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದ.

"ಪಟ್ಟಾ ನೋಡ್ದ್ಯಾ?"

"ನೋಡ್ದೆ" ಎಂದಳು. ಅಂದಿನಿಂದ ಅವಳ ಮಾತು ಕಮ್ಮಿಯಾಗಿತ್ತು. "ಒಂದು ಕೇಳ್ತೀನಿ. ಅವತ್ತು ಸೀಟಲ್ಲಿ ನಾನಲ್ದೆ ನನ್ ತಂಗಿ ಕೂತಿದ್ರೆ, ಹೇಳ್ತಿದ್ರಾ?"

ಹೇಳ್ತಿದ್ದೆ ಎನ್ನುವುದು ಸುಲಭವಾಗಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಗೊತ್ತಿಲ್ಲ" ಎಂದ ಮೇಸ್ತ್ರಿ.

ಅವಳು ತಲೆಯಾಡಿಸಿದಳು. ಆಮೇಲೆ ಆ ಕಡೆ ನಿಂತಿದ್ದ ತಂಗಿಯ ಹತ್ತಿರ ಹೋಗಿ, ಅವಳ ಕೈ ಹಿಡಿದುಕೊಂಡು ನಿಂತಳು.