ಮೂಗಿಗೆ ಹೊಂದುವ ಮುತ್ತಜ್ಜ

ಗಜದಣ್ಣ ದಿನಾ ಬೆಳಿಗ್ಗೆ ತನ್ನ ಬಟ್ಟೆಯಂಗಡಿಯ ಬಾಗಿಲು ತೆಗೆದವನೇ ಗೋಡೆಯ ಹಳೆಯ ಫೋಟೊದ ಮುಂದೆ ನಿಂತುಬಿಡುತ್ತಿದ್ದ. ಹಿರಿಯರ ಮೇಲೆ ಎಂಥ ಭಕ್ತಿ ಎಂದು ಬೀದಿಯವರಂತೆ ನಾನೂ ತಲೆದೂಗಿದ್ದೆ. ಆಮೇಲೆ ತಿಳಿಯಿತು: ಅವನು ನೋಡುತ್ತಿದ್ದುದು ಗಾಜಿನಲ್ಲಿ ಕಾಣುವ ತನ್ನ ಮೂಗನ್ನು. ಅದು ಫೋಟೊದೊಳಗಿನವರಲ್ಲಿ ಯಾರ ಮೂಗಿಗೆ ಹೊಂದುತ್ತದೆ ಎಂಬುದೇ ಅವನ ತಲೆನೋವು.

ಫೋಟೊ ಹತ್ತೊಂಬತ್ತನೆಯ ಶತಮಾನದ್ದು. ರುಮಾಲು ಸುತ್ತಿದ ವರ್ತಕರು, ಕೆಲವರು ಕುರ್ಚಿಯಲ್ಲಿ, ಕೆಲವರು ಹಿಂದೆ ನಿಂತು, ಉಳಿದವರು ಜಮಖಾನದ ಮೇಲೆ. ಅವರಲ್ಲೊಬ್ಬ ಗಜದಣ್ಣನ ಮುತ್ತಜ್ಜ. ಯಾರೆಂದು ಹೇಳುವವರು ಉಳಿದಿಲ್ಲ. ಈಗ ವರ್ತಕರ ಸಂಘ ಆ ಫೋಟೊವನ್ನು ದೊಡ್ಡದು ಮಾಡಿಸಿ, ಹೊಸ ಕಟ್ಟಡದಲ್ಲಿ ಮನೆತನದ ಹೆಸರುಗಳ ಸಮೇತ ತೂಗುಹಾಕಲು ಹೊರಟಿತ್ತು. ಆ ದಿನ ಸಂಜೆಯೊಳಗೆ ತಮ್ಮ ಹಿರಿಯನನ್ನು ಬೆರಳಿಟ್ಟು ತೋರಿಸದವರ ಹೆಸರಿಗೆ ಜಾಗವಿಲ್ಲ. ನಡುವಿನ ಕುರ್ಚಿಗಂತೂ ಮೂರು ಮನೆಯವರು ಆಗಲೇ ಟವೆಲ್ ಹಾಸಿದ್ದರು.

ಸಂಘದ ಕಾರ್ಯದರ್ಶಿಗೆ ಸಂಕೇತಗಳ ಹುಚ್ಚು. "ಪುಸ್ತಕ ಹಿಡಿದೋರು ವಿದ್ಯಾವಂತರು. ಕೊಡೆ ಹಿಡಿದೋರು ದೊರೆ ಸಮಾನ. ಎದೆ ಮೇಲೆ ಕೈ ಇಟ್ಟೋರು ಸತ್ಯವಂತರು," ಎಂದು ಅಂಗಡಿಗೇ ಬಂದು ಬೋಧಿಸಿ ಹೋಗಿದ್ದ. ಗಜದಣ್ಣನ ತಲೆ ಗೊಜ್ಜಾಯಿತು. ಮೂಗು ಪುಸ್ತಕದವನಿಗೆ ಹೊಂದುತ್ತದೆ, ಆದರೆ ಮುತ್ತಜ್ಜ ಹೆಬ್ಬೆಟ್ಟು ಒತ್ತುತ್ತಿದ್ದವನು. ಕಿವಿ ಕೊಡೆಯವನಿಗೆ ಹೊಂದುತ್ತದೆ, ಆದರೆ ಅದೇ ಕಿವಿ ಎದುರಂಗಡಿಯ ಎಣ್ಣೆ ವ್ಯಾಪಾರಿಗೂ ಇದೆ.

ಮಧ್ಯಾಹ್ನ ಫೋಟೊವನ್ನೇ ಮನೆಗೆ ಹೊತ್ತು ತಂದ.

"ನೋಡೇ, ಇವರಲ್ಲಿ ನಾನು ಯಾರ ಥರ ಇದ್ದೀನಿ?"

"ಮೊದಲು ಊಟಕ್ಕೆ ಕೂತ್ಕೊಳ್ಳಿ, ಆರಿಹೋಗ್ತಿದೆ," ಎಂದಳು ಹೆಂಡತಿ.

ಕೂತ. ಎದ್ದು ಕಿಟಕಿಯ ಬೆಳಕಿಗೆ ಹೋದ. ಮತ್ತೆ ಕೂತ, ಮತ್ತೆ ಎದ್ದ.

"ಅಯ್ಯೋ, ನಿಮ್ಮ ವಂಶದಲ್ಲಿ ಒಂದು ಗಳಿಗೆ ನೆಟ್ಟಗೆ ಕೂತೋರು ಯಾರಿದ್ದಾರೆ? ಮಾವನೋರೂ ಹೀಗೇ ಇದ್ರು. ಅಗೋ, ಮೂಲೇಲಿ ಮುಖ ಅಳಿಸಿಹೋದೋನು ಇದ್ದಾನಲ್ಲ, ಅವನೇ ನಿಮ್ಮೋನು!"

ಆ ಕಾಲದ ಕ್ಯಾಮೆರಾದ ಮುಂದೆ ಉಸಿರು ಬಿಗಿಹಿಡಿದು ಕೂರಬೇಕಿತ್ತು. ಅಲ್ಲಾಡಿದವನ ಮುಖ ಹೊಗೆಯಾಗುತ್ತಿತ್ತು. ಜಮಖಾನದ ತುದಿಯಲ್ಲಿದ್ದವನಿಗೆ ಮೈಯಿತ್ತು, ಕೈಯಿತ್ತು, ಮುಖವಿರಲಿಲ್ಲ. ಮೂಗೇ ಇಲ್ಲದವನಿಗೆ ಮೂಗು ಹೊಂದಿಸುವುದು ಹೇಗೆ? ಮುತ್ತಜ್ಜನನ್ನು ಕುರ್ಚಿಯಿಂದ ಜಮಖಾನಕ್ಕಿಳಿಸುವ ಮನಸ್ಸೂ ಇಲ್ಲ. ಹೆಂಡತಿಯ ಮಾತಿಗೆ ಎದುರಾಡೋಣವೆಂದರೆ, ಯೋಚಿಸುವಷ್ಟರಲ್ಲಿ ಮತ್ತೊಮ್ಮೆ ಎದ್ದು ನಿಂತಿದ್ದ.

ಸಂಜೆ ಸಂಘಕ್ಕೆ ಹೋಗಿ ಆ ಹೊಗೆಯ ಮೇಲೆ ಬೆರಳಿಟ್ಟ. "ಇವನು ನಮ್ಮೋನು. ಬರ್ಕೊಳ್ಳಿ."

ಯಾರೂ ಜಗಳಕ್ಕೆ ಬರಲಿಲ್ಲ. ಕಾರ್ಯದರ್ಶಿ ಮಾತ್ರ ಕನ್ನಡಕ ಏರಿಸಿಕೊಂಡು, "ಅಣ್ಣಾ, ಮುಖಾನೇ ಅಳಿಸಿಕೊಂಡಿದ್ದಾರಲ್ಲ, ಇದು ಯಾವುದರ ಸಂಕೇತ? ಅಹಂಕಾರ ಬಿಟ್ಟಿದ್ದರದ್ದಾ?" ಎಂದ.

"ಗಿರಾಕಿ ಬಂದಿರ್ತಾನೆ ಕಣಪ್ಪ, ಮುತ್ತಜ್ಜ ತಿರುಗಿ ನೋಡಿದ್ದಾನೆ."