ಎರಡು ಸೀಟಿನ ಗಾಡಿ, ಮನೆ ತುಂಬ ಮಂದಿ

ಕಳೆದ ಭಾನುವಾರ ನಾನು ಬೇರೆಯವರ ಸೀಟಿನಲ್ಲಿ ಕೂತುಬಿಟ್ಟೆ.

ರೈಲಿನಲ್ಲಿ ಅಲ್ಲ. ರೈಲಿನಲ್ಲಾದರೆ ಸೀಟಿನವರು ಬಂದು ಎಬ್ಬಿಸುತ್ತಾರೆ. ದೌಂಡ ಸ್ಟೇಷನ್ ದಾಟುವಷ್ಟರಲ್ಲಿ ಜಗಳ ಮುಗಿದು, ಬುತ್ತಿ ಬಿಚ್ಚಿ, ಅವರ ಶೇಂಗಾ ಚಟ್ನಿ ನಮ್ಮ ರೊಟ್ಟಿಯ ಮೇಲೆ ಬಂದಿರುತ್ತದೆ. ಇಲ್ಲಿ ಹಾಗಾಗಲಿಲ್ಲ. ಸೀಟಿನವರೇ ನನ್ನ ಕೈಹಿಡಿದು ಕೂಡಿಸಿದರು. ತೊಂದರೆ ಆದದ್ದೇ ಅಲ್ಲಿ.

ಆ ಸೀಟು ನಮ್ಮ ವಸಂತ ಕಾಕಾನ ಗಾಡಿಯದು. ಹಸಿರು ಬಣ್ಣ, ಉದ್ದ ಮೂತಿ, ತಲೆಯ ಮೇಲೆ ಬಯಲು. ಇಂಗ್ಲೆಂಡಿನಲ್ಲಿ ಹುಟ್ಟಿ ಪುಣೆಯಲ್ಲಿ ಮುದಿಯಾದ ಸ್ಪೋರ್ಟ್ಸ್ ಕಾರು. (ಕಂಪನಿಯ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಈ ಹುಚ್ಚು ಹಿಡಿದ ಮಂದಿ ಫೋನ್ ಮಾಡಿ, ಕಾರ್ಬುರೇಟರ್ ಒಂದೋ ಎರಡೋ, ಗಾಲಿಗೆ ಕಡ್ಡಿ ಇವೆಯೋ ಇಲ್ಲವೋ ಎಂದು ಕೇಳಿ ನನ್ನ ಅರ್ಧ ದಿನ ತಿನ್ನುತ್ತಾರೆ.) ಇದರಲ್ಲಿ ಸೀಟು ಎರಡೇ. ಒಂದು ಓಡಿಸುವವನಿಗೆ. ಇವತ್ತಿನ ಮಾತೆಲ್ಲ ಇನ್ನೊಂದರದು.

ನಮ್ಮದು ಜವಳಿ ವ್ಯಾಪಾರದ ಮನೆ. ಗದಗ ಕಡೆಯಿಂದ ಬಂದು ಪುಣೆಯ ಪೇಟೆಯಲ್ಲಿ ಅಂಗಡಿ ಹಾಕಿದವನು ನಮ್ಮಜ್ಜ. ಅಂಗಡಿಯ ಹಿಂದೆ ವಾಡೆ ಎಂಬ ದೊಡ್ಡ ಹಳೇ ಮನೆ, ವಾಡೆಯ ತುಂಬ ನಾವು. ಹೊರಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ನಮ್ಮಪ್ಪನ ತಮ್ಮನಾದ ವಸಂತ ಕಾಕಾ, ಮದುವೆಯಾದ ಹೊಸದರಲ್ಲಿ ಪುಣೆಯ ದಂಡಿನ ಭಾಗವಾದ ಕ್ಯಾಂಪಿನ ಒಬ್ಬ ಪಾರ್ಸಿ ಮುದುಕನಿಂದ ಈ ಗಾಡಿ ಕೊಂಡು ತಂದು ವಾಡೆಯ ಮುಂದೆ ನಿಲ್ಲಿಸಿದರಂತೆ. ಅಜ್ಜ ಹೊರಗೆ ಬಂದ. ಒಂದು ಸುತ್ತು ಹಾಕಿದ. ಹಿಂದಿನ ಸೀಟು ಹುಡುಕಿದ. ಸಿಗಲಿಲ್ಲ.

"ಲೇ ವಸಂತಾ, ಮನಿ ತುಂಬ ಮಂದಿ ಅದಾರ. ನೀ ಎರಡ ಸೀಟಿನ ಗಾಡಿ ತಂದೀದಿ. ಉಳದವ್ರು ಹಿಂದಿಂದ ಹಗ್ಗಾ ಹಿಡ್ಕೊಂಡು ಓಡಿ ಬರಬೇಕೇನು?"

ಇಡೀ ಓಣಿ ನಕ್ಕಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಇಂದು ಕಾಕು, ಅಂದರೆ ಕಾಕಾನ ಹೊಸ ಹೆಂಡತಿ, ನಗಲಿಲ್ಲ. ಸೀಟು ಎರಡೇ ಯಾಕೆಂದು ಆ ಮನೆಯಲ್ಲಿ ಅವರೊಬ್ಬರಿಗೆ ಗೊತ್ತಿತ್ತು.

ಮರು ಭಾನುವಾರ, ಪುಣೆಯಿಂದ ಘಾಟು ದಾಟಿದರೆ ಸಿಗುವ ಭೋರ ಎಂಬ ಊರಿಗೆ ಹೋಗಿ ಬರುವುದೆಂದು ಗಂಡ ಹೆಂಡತಿ ಗುಟ್ಟಾಗಿ ಮಾತಾಡಿಕೊಂಡಿದ್ದರು. ಕಾಕು ಹೊಸ ಇಳಕಲ್ ಸೀರೆ ಉಟ್ಟು ಆರತಿ ತಟ್ಟೆ ತಂದರು. ಗಾಡಿಯ ಮೂತಿಗೆ ಕುಂಕುಮ ಹಚ್ಚಿದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಇನ್ನು ಕೂಡಬೇಕು, ಅಷ್ಟರಲ್ಲಿ ಅಜ್ಜ ಟೊಪ್ಪಿಗೆ ಏರಿಸಿಕೊಂಡು ಹೊರಗೆ ಬಂದ.

"ಭೋರಕ್ಕೇನು? ನಡಿ, ನಾನೂ ಬರ್ತೇನಿ. ಅಲ್ಲೊಬ್ಬ ಗಿರಾಕಿನ್ನ ಕಾಣೂದದ."

ಮುಗಿಯಿತು. ಅಜ್ಜ ಕೂತ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಗಾಡಿ ಹೋಯಿತು. ಮಾವನವರಿಗೆ 'ಅದು ನನ್ನ ಸೀಟ್ರಿ' ಎಂದು ಆ ಕಾಲದ ಯಾವ ಸೊಸೆ ಹೇಳಿಯಾಳು?

ಅಲ್ಲಿಂದ ಮುಂದೆ ಆ ಸೀಟಿಗೆ ಪುರುಸೊತ್ತೇ ಸಿಗಲಿಲ್ಲ. ಅಜ್ಜ ದವಾಖಾನೆಗೆ ಹೋಗಬೇಕು. ಸ್ಟೇಷನ್ನಿನಿಂದ ಬೀಗರನ್ನು ಕರೆತರಬೇಕು. ಬಟ್ಟೆಯ ಗಂಟು ಬರಬೇಕು. ಚೌತಿಯಲ್ಲಿ ಗಣಪತಿ ಬರಬೇಕು. ನಾವು ಹುಡುಗರು ಪಾಳಿ ಹಚ್ಚಿ ಕೂಡಬೇಕು. ಸೀಟು ಭಾಳ ತಗ್ಗಾಯಿತು ಎಂದು ಅಜ್ಜ ಗೊಣಗಿದಾಗ ಕಾಕುವೇ ಹತ್ತಿ ತುಂಬಿ, ಅದಕ್ಕೆ ದಪ್ಪನೆಯ ಗಾದಿ ಹೊಲಿದು ಕೊಟ್ಟರು. ತಾವು ಒಮ್ಮೆಯೂ ಕೂಡದ ಸೀಟಿಗೆ! ದಸರೆ ಬಂದರೆ ಗಾಡಿಗೆ ಚೆಂಡುಹೂವಿನ ಮಾಲೆಯೂ ಅವರದೇ. ಪೂಜೆ ಕಾಕುವಿನದು, ಸವಾರಿ ಮಂದಿಯದು.

(ನಕ್ಕು ಮುಂದೆ ಹೋಗಬೇಡಿ. ನಿಮ್ಮ ಮನೆಯಲ್ಲಿ ಮೊದಲ ಬಿಸಿ ರೊಟ್ಟಿ ಯಾರ ತಾಟಿಗೆ ಬೀಳುತ್ತದೆ? ಬಡಿದವರ ತಾಟಿಗಂತೂ ಅಲ್ಲ, ಹೌದಲ್ಲ?)

ಆಮೇಲೆ ಒಂದು ದಿನ ಎಂಜಿನ್ ಸೀಜ್ ಆಯಿತು. ಪಾರ್ಟು ಸಿಗಲಿಲ್ಲ. ಗಾಡಿ ಗೋದಾಮು ಸೇರಿತು. ಮೇಲೆ ತಾಡಪತ್ರಿ ಬಿತ್ತು, ತಾಡಪತ್ರಿಯ ಮೇಲೆ ಬಟ್ಟೆಯ ಗಂಟು ಬಿದ್ದವು. ಅಜ್ಜ ಹೋದ. ವಾಡೆ ಕೆಡವಿ ಬಿಲ್ಡಿಂಗ್ ಎಬ್ಬಿಸಿದರು. ನಾವೆಲ್ಲ ಒಂದೊಂದು ದಿಕ್ಕಿಗೆ ಹೋದೆವು. ಕಾಕಾ ಕಾಕು ಮಗ ಸೊಸೆಯ ಜೊತೆ ಪುಣೆಯದೇ ವಿಮಾನ ನಗರದ ಫ್ಲ್ಯಾಟಿಗೆ ಬಂದರು. ಹಿಂದೆಯೇ ಟೆಂಪೋದಲ್ಲಿ ಗಾಡಿಯೂ ಬಂತು, ವಯಸ್ಸಾದ ಅತ್ತೆಯ ಹಾಗೆ. ಬಿಟ್ಟು ಬರಲಾದೀತೇ?

ಅಂಗಡಿಯನ್ನು ಮಗನ ಕೈಗೆ ಕೊಟ್ಟ ಮೇಲೆ ಕಾಕಾ ರೆಸ್ಟೋರೇಶನ್ನಿಗೆ ಇಳಿದರು. ಗಾಡಿಯನ್ನು ಬೋಲ್ಟು ಬೋಲ್ಟಾಗಿ ಬಿಚ್ಚಿದರು. ಬಾಡಿ ಶೆಡ್ಡಿನಲ್ಲಿ, ಡ್ಯಾಶ್‌ಬೋರ್ಡು ಬಾಲ್ಕನಿಯಲ್ಲಿ, ಕಾರ್ಬುರೇಟರ್ ಅಡುಗೆ ಮನೆಯ ಸಿಂಕಿನಲ್ಲಿ. ಒಮ್ಮೆ ನಾನು ಚಹಾದ ಜೊತೆ ತಿನ್ನೋಣವೆಂದು ಶೇವಿನ ಡಬ್ಬಿ ತೆರೆದರೆ ಒಳಗೆ ವಾಷರುಗಳಿದ್ದವು.

ಈ ಹವ್ಯಾಸದವರಿಗೆ ಒಂದೇ ಮಂತ್ರ: ಒರಿಜಿನಲ್. ಭಾನುವಾರ ಬೆಳಿಗ್ಗೆ ಕಾಕಾನ ಗೆಳೆಯರು ಸೇರುತ್ತಾರೆ. ಒಬ್ಬ ರಿಟೈರ್ಡ್ ಕರ್ನಲ್, ಒಬ್ಬ ಹಲ್ಲಿನ ಡಾಕ್ಟರ್, ಉಡುಪಿ ಕಡೆಯ ಒಬ್ಬ ಹೋಟೆಲ್ ಮಾಲಕ. ಸ್ಕ್ರೂ ಒರಿಜಿನಲ್ಲೇ? ರಬ್ಬರ್ ಒರಿಜಿನಲ್ಲೇ? ಎಂಜಿನ್ನಿನ ನಂಬರಿಗೂ ಚಾಸಿಯ ನಂಬರಿಗೂ ತಾಳೆ ಆಗುತ್ತದೆಯೇ? ಜಾತಕ ನೋಡುವವರೂ ಇಷ್ಟು ಕೂಲಂಕಷವಾಗಿ ನೋಡಲಿಕ್ಕಿಲ್ಲ. ಕಾಕಾ ಹೊಸ ಸಸ್ಪೆನ್ಷನ್ ತರಿಸಿದ ದಿನ ಕಾಕು ಬಾಗಿಲಲ್ಲಿ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಗಾಡಿ ಮೊಣಕಾಲು ಇಂಗ್ಲೆಂಡಿನಿಂದ ತರಿಸಿದ್ರಿ. ಪಾರ್ಸಲ್ಲಿನ್ಯಾಗ ನನಗೂ ಒಂದ ಜೋಡಿ ಹಾಕ್ರಿ ಅನ್ನಬೇಕಿತ್ತು."

ಕಾಕಾ ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು ಹೇಳಿದರು: "ಮುಗೀಲಿ ತಡಿ. ಮೊದಲ ಸವಾರಿ ಭೋರಕ್ಕ. ನೀ, ನಾ. ಮೂರನೇದವ್ರಿಗೆ ಜಾಗಾನ ಇಲ್ಲ."

ಕಾಕು ಒಳಗೆ ಹೋಗಿ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು. ಕುಡಿದ ನನಗೆ ಗೊತ್ತು.

ಆ ಮೊದಲ ಸವಾರಿಯೇ ಕಳೆದ ಭಾನುವಾರದ್ದು.

ಸೊಸೈಟಿಯ ಪಾರ್ಕಿಂಗಿನಲ್ಲಿ ಗಾಡಿ ಹೊಳೆಯುತ್ತ ನಿಂತಿತ್ತು. ಕಾಕಾ ಹಳದಿ ಬಟ್ಟೆ ಹಿಡಿದು, ಯಾರ ಬೆರಳು ತಾಗಿದರೂ ಓಡಿ ಬಂದು ಒರೆಸುತ್ತಿದ್ದರು. ಕಾಕು ಅದೇ ಇಳಕಲ್ ಸೀರೆ ಉಟ್ಟಿದ್ದರು. ಆರತಿಯಾಯಿತು. ಕುಂಕುಮವಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು. ಕಾಕಾ ಬಾಗಿಲು ತೆರೆದು ಹಿಡಿದರು. ಕಾಕು ಒಂದು ಕೈಯಿಂದ ಬಾಗಿಲು ಹಿಡಿದು, ಬಗ್ಗಿ, ಅರ್ಧಕ್ಕೇ ನಿಂತರು. ಇನ್ನೊಂದು ಸಲ ನೋಡಿದರು. ಮೊಣಕಾಲು ಒಪ್ಪಲಿಲ್ಲ. ಆ ಗಾಡಿಯ ಸೀಟು ಅಷ್ಟು ತಗ್ಗು. ಕೂಡುವುದೆಂದರೆ ನೆಲದ ಮೇಲಿನ ಮಣೆಗೆ ಇಳಿದ ಹಾಗೆ.

"ಮಾವನವರಿಗೆ ನಾ ಹೊಲದ ಗಾದಿ ಇತ್ತಲ್ರಿ?" ಕಾಕು ಕೇಳಿದರು.

ಕಾಕಾ ಹಳದಿ ಬಟ್ಟೆ ಹಿಂಡಿದರು. "ಅದು... ಒರಿಜಿನಲ್ ಅಲ್ಲ ಅಂತ ತಗದಬಿಟ್ಟೆ."

ಸೊಸೆ ಮಂಜಿರಿ ಮರಾಠಿಯವಳು. ಅತ್ತೆಯ ತೋಳು ಹಿಡಿದು "ಆಯೀ, ರಾಹೂ ದ್ಯಾ" ಎಂದಳು. ಇರಲಿ ಬಿಡಿ ಎಂದು. ಕಾಕು ನಕ್ಕರು. ನಗುತ್ತಲೇ ನನ್ನ ಕೈ ಹಿಡಿದರು. "ನೀ ಕೂಡಪಾ. ಖಾಲಿ ಸೀಟು ಒಯ್ಯೂದು ಛಲೋ ಅಲ್ಲ. ನಾ ಮಂಜಿರಿ ಗಾಡ್ಯಾಗ ಹಿಂದ ಬರ್ತೇನಿ."

ಒಂದು ಸಲವಾದರೂ ಬೇಡವೆನ್ನಬೇಕಿತ್ತಲ್ಲ? ಕೂತೇಬಿಟ್ಟೆ.

ಏನು ಹೇಳಲಿ ಆ ಸುಖ! ಟ್ರಕ್ಕಿನ ಗಾಲಿಯ ನಟ್ಟು ಕಣ್ಣಿನ ಮಟ್ಟಕ್ಕೆ ಬರುತ್ತದೆ. ರಸ್ತೆ ಚರ್ಮದ ಕೆಳಗೇ ಓಡಿದಂತಾಗುತ್ತದೆ. ಪೆಟ್ರೋಲಿನ ವಾಸನೆ, ಬಿಸಿ ಎಣ್ಣೆಯ ವಾಸನೆ, ಹೊಸ ಚರ್ಮದ ವಾಸನೆ. ಸಿಗ್ನಲಿನಲ್ಲಿ ನಿಂತರೆ ಸ್ಕೂಟರಿನವರೆಲ್ಲ ನಮ್ಮ ಮಡಿಲೊಳಗೆ ಇಣುಕಿ ನೋಡುವವರೇ. ಕಾತ್ರಜ ಘಾಟು ದಾಟುವ ತನಕ ನಾನು ಹುಡುಗನಾಗಿದ್ದೆ. ಗುಡ್ಡ ಕೊರೆದ ಬೋಗದೆಯೊಳಗೆ ಎಂಜಿನ್ ಗುಡುಗಿತು, ನಾನು ಕೂಗಿಯೂಬಿಟ್ಟೆ.

ಕಾಕಾ ಕೂಗಲಿಲ್ಲ. ಮತ್ತೆ ಮತ್ತೆ ಕನ್ನಡಿ ನೋಡುತ್ತಿದ್ದರು.

"ಏನ ನೋಡಾಕತ್ತೀರಿ ಕಾಕಾ?"

"ಬರಾಕತ್ತಾಳಿಲ್ಲೋ ನೋಡಾಕತ್ತೇನಿ." ಸ್ವಲ್ಪ ದೂರ ಹೋದ ಮೇಲೆ ಗಾಳಿಯಲ್ಲೇ ಹೇಳಿದರು: "ಅವತ್ತೂ ಹಿಂಗ ಕನ್ನಡ್ಯಾಗ ನೋಡಿದ್ದೆ. ಆರತಿ ತಟ್ಟಿ ಹಿಡ್ಕೊಂಡು ಓಣ್ಯಾಗ ನಿಂತಿದ್ಲು. ಈ ಸೀಟಿನ್ಯಾಗ ಅಪ್ಪ ಕೂತಿದ್ದ."

ಅಪ್ಪ ಕೂತಿದ್ದ. ಆಮೇಲೆ ಬೀಗರು. ಆಮೇಲೆ ಬಟ್ಟೆಯ ಗಂಟು. ಈಗ ನಾನು. ಆ ಮೆತ್ತನೆಯ ಹೊಸ ಚರ್ಮ ನನಗೆ ಚುಚ್ಚತೊಡಗಿತು.

ಮೊದಲು ಈ ದಾರಿಯ ಎರಡೂ ಬದಿಗೆ ಆಲದ ಮರಗಳಿದ್ದವಂತೆ. ಭೋರದ ತನಕ ನೆರಳಿನಲ್ಲೇ ಹೋಗಬಹುದಿತ್ತಂತೆ. ಅಂದು ಕಾಕಾ ಕಾಕುವಿಗೆ ತೋರಿಸಬೇಕೆಂದಿದ್ದದ್ದು ಆ ನೆರಳನ್ನೇ. ರಸ್ತೆ ಅಗಲವಾಯಿತು, ಮರ ಹೋದವು. ಗಾಡಿಯ ಬೋಲ್ಟು ಇಂಗ್ಲೆಂಡಿನಿಂದ ಬರುತ್ತದೆ. ಆ ಭಾನುವಾರ ಯಾವ ಪಾರ್ಸಲ್ಲಿನಲ್ಲಿ ಬಂದೀತು?

ಹೆದ್ದಾರಿ ಬಿಟ್ಟು ಭೋರದ ಕಡೆ ಹೊರಳುವಲ್ಲಿ ಚಹಾಕ್ಕೆ ನಿಂತೆವು. ಹಿಂದೆಯೇ ಮಂಜಿರಿಯ ಗಾಡಿ ಬಂತು. ನಾನು ಕೆಳಗಿಳಿದು, "ಕಾಕು, ಇನ್ನ ನಾ ಅದರಾಗ ಕೂಡೂದಿಲ್ರಿ" ಎಂದೆ.

"ಯಾಕೋ? ಗಾಳಿಗೆ ತಲಿ ಹಿಡೀತೇನು?"

ಕಾಕು ನನ್ನ ಉತ್ತರಕ್ಕೆ ಕಾಯಲಿಲ್ಲ. ಚಹಾದ ಗ್ಲಾಸು ಹಿಡಿದು ಪಕ್ಕಕ್ಕೆ ನೋಡುತ್ತಿದ್ದರು. ಅಲ್ಲಿ ಗಾಡಿ ತೊಳೆಯುವ ಜಾಗವಿತ್ತು. ನೀವೂ ನೋಡಿರುತ್ತೀರಿ, ಎರಡು ಸಿಮೆಂಟಿನ ಏರು ಪಟ್ಟಿ. ಅವುಗಳ ಮೇಲೆ ಗಾಡಿ ಹತ್ತಿಸಿ ನಿಲ್ಲಿಸಿ, ಕೆಳಗಿನಿಂದ ನೀರು ಹೊಡೆಯುತ್ತಾರೆ. ಒಂದು ಜೀಪು ತೊಳೆಸಿಕೊಂಡು ಕೆಳಗಿಳಿಯುತ್ತಿತ್ತು.

"ಏನ್ರೀ," ಕಾಕು ಗಂಡನಿಗೆ ಹೇಳಿದರು, "ನಮ್ಮ ಗಾಡಿ ಅದರ ಮ್ಯಾಲ ಅರ್ಧಾ ಹತ್ತಿಸಿ ನಿಲ್ಲಸ್ರಿ."

"ಯಾಕ? ಸ್ವಚ್ಛ ಅದಲ್ಲ!"

"ಗಾಡಿ ತನಕಾ ನನಗ ಬಗ್ಗಾಕ ಆಗೂದಿಲ್ಲ. ಗಾಡೀನ ನನ್ನ ತನಕಾ ಏಳ್ಲಿ."

ಕಾಕಾ ಪಟ್ಟಿ ನೋಡಿದರು. ಕೆಸರು, ಸಾಬೂನಿನ ನೊರೆ, ಎಣ್ಣೆ. ಆಮೇಲೆ ಕಾಕುವನ್ನು ನೋಡಿದರು. ಓಡಿದ ಹಾಗೆ ಹೋಗಿ ಗಾಡಿ ಶುರು ಮಾಡಿದರು. ತೊಳೆಯುವ ಅಂಗಡಿಯವ ಪೈಪು ಹಿಡಿದು ಬಂದ. "ಆಜೀ, ಗಾಡಿ ಧುವಾಯಚೀ ಕಾ?" ಅಜ್ಜಿ, ಗಾಡಿ ತೊಳೆಯಬೇಕೇ ಎಂದು.

"ನಕೋ ಬಾಬಾ. ಮಲಾ ಬಸಾಯಚಂ ಆಹೇ." ಬೇಡಪ್ಪಾ, ನನಗೆ ಕೂಡಬೇಕಾಗಿದೆ.

ಗಾಡಿ ಮೆಲ್ಲಗೆ ಏರಿತು. ಕಾಕು ಕೆಳಗೆ ನಿಂತು ಕೈ ಆಡಿಸಿದರು. "ಇನ್ನೊಂಚೂರು... ಇನ್ನೊಂಚೂರು... ಸಾಕ್, ಸಾಕ್!" ಅಂಗಡಿಯವ ಗಾಲಿಗೆ ಅಡ್ಡ ಇಟ್ಟಂಗಿ ಕೊಟ್ಟ. ನಾನು ಬಾಗಿಲು ತೆರೆದೆ. ಸೀಟು ಈಗ ಸರಿಯಾಗಿ ಸೋಫಾದ ಎತ್ತರಕ್ಕಿತ್ತು. ಕಾಕು ಬೆನ್ನು ತಿರುಗಿಸಿ, ಸುಮ್ಮನೆ ಕೂತರು. ಒಂದು ಕಾಲು ಒಳಗೆ, ಇನ್ನೊಂದು ಕಾಲು ಒಳಗೆ. ಸೀರೆಯ ನಿರಿಗೆ ಸರಿಮಾಡಿಕೊಂಡರು. ಬಾಗಿಲ ಮೇಲೆ ಅವರ ಒದ್ದೆ ಕೈಯ ಐದೂ ಬೆರಳು ಮೂಡಿದವು.

ಕಾಕಾ ನೋಡಿದರು. ಒರೆಸಲಿಲ್ಲ.

"ಅಲ್ಲ, ಇಳಿಯೂದು ಹೆಂಗ?" ಕಾಕಾನಿಗೆ ಈಗ ನೆನಪಾಯಿತು. "ಭೋರದಾಗ ಹಿಂತಾದ್ದು ಇರ್ತದೋ ಇಲ್ಲೋ!"

"ಕೂಡಾಕ ಇಷ್ಟ ವರ್ಷ ಹಿಡೀತು. ಇಳಿಯೂದರ ಚಿಂತಿ ಈಗ್ಯಾಕ್ರಿ? ನಡೀರಿ."

ನಾನು ಮಂಜಿರಿಯ ಏಸಿ ಗಾಡಿಯಲ್ಲಿ ಕೂತೆ. ಮುಂದಿನ ಗಾಜಿನಲ್ಲಿ ಎರಡೇ ತಲೆ ಕಾಣುತ್ತಿದ್ದವು. ಒಂದು ಬೋಳು, ಒಂದು ಬಿಳಿ. ವಾಡೆಯಲ್ಲಿ ಕಾಕುವಿನ ತಲೆಯ ಮೇಲಿನ ಸೆರಗು ಒಂದು ದಿನವೂ ಜಾರಿದ್ದನ್ನು ನಾನು ಕಂಡಿರಲಿಲ್ಲ. ಈಗ ಅದು ಗಾಡಿಯ ಹೊರಗೆ ಹಾರುತ್ತಿತ್ತು. ಕಾಕು ಎಳೆದುಕೊಳ್ಳಲಿಲ್ಲ. ಅವರಿಬ್ಬರೂ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಒಮ್ಮೆ ಕಾಕಾ ರಸ್ತೆಯ ಬದಿಗೆ ಕೈ ಮಾಡಿ ಏನೋ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ, ಬಿಸಿಲು ಬಿಟ್ಟರೆ. ಕಾಕು ಮಾತ್ರ ತಲೆಯೆತ್ತಿ, ಕೊಂಬೆ ನೋಡುವವರ ಹಾಗೆ, ಮೇಲೆ ನೋಡಿದರು.

ನಡುವೆ ಒಂದು ಕಬ್ಬಿನ ಟ್ರ್ಯಾಕ್ಟರ್ ಬಂತು. ಅದನ್ನು ದಾಟುವಷ್ಟರಲ್ಲಿ ಹಸಿರು ಗಾಡಿ ಕಾಣದಾಯಿತು.

ಭೋರ ಮುಟ್ಟಿದೆವು. ಪೇಟೆಯಲ್ಲಿ ಹುಡುಕಿದೆವು, ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದೆವು. ಇಲ್ಲ. ಗಾಬರಿಯಾಗಿ ಫೋನ್ ಮಾಡಿದೆ. ಎತ್ತಿದವರು ಕಾಕು. ಆ ಕಡೆ ಬರೀ ಗಾಳಿಯ ಸದ್ದು.

"ಕಾಕು, ಎಲ್ಲಿದ್ದೀರಿ? ಭೋರದಾಗ ಇಳೀಲಿಲ್ಲೇನು?"

"ಹೆಂಗ ಇಳೀಲೋ? ಇಳಿಯಾಕ ಬರೂದಿಲ್ಲಲ್ಲ, ಅದಕ್ಕ ಮುಂದ ಘಾಟಿನ ಕಡೆ ಹೊಂಟೇವಿ. ನೀವು ಅಲ್ಲೇ ಏನರ ತಿಂದು ಕುಂದರ್ರಿ."

ಫೋನ್ ಇಟ್ಟರು. ಮಂಜಿರಿ "ಕಾಯ ಮ್ಹಣಾಲ್ಯಾ ಆಯೀ?" ಎಂದಳು. ಏನಂದರು ಅತ್ತೆ?

ಕಾಯಬೇಕಂತೆ, ಎಂದೆ. ಇಷ್ಟು ವರ್ಷ ಅವರೊಬ್ಬರೇ ಕಾದದ್ದು ಸಾಲದೇ?