ಸುಣ್ಣವೇನು ಮಾತ್ರೆಯೇ?

ಗುರುವಾರ ಬಂದರೆ ಹನ್ನೊಂದು ಗಂಟೆಯ ಮೇಲೆ ನಮ್ಮ ಅತ್ತೆ ರವೀಂದ್ರನಗರದ ಮನೆಯಲ್ಲಿ ಸಿಗುತ್ತಿರಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ತಂಗಿ ಚೌಕಾಬಾರದ ಮನೆ ಬರೆದು, ಕವಡೆ ಹಿಡಿದು ಕಾಯುತ್ತಿದ್ದರು. ಎಪ್ಪತ್ತು ದಾಟಿದ ಅಕ್ಕತಂಗಿಯರು ಮಧ್ಯಾಹ್ನವಿಡೀ ಆಡುತ್ತಿದ್ದರು, ಜಗಳವಾಡುತ್ತಿದ್ದರು.

ಕಳೆದ ವರ್ಷ ಆಟ ನಿಂತುಹೋಯಿತು. ಅತ್ತೆಗೆ ವಿಪರೀತ ಬಾಯಾರಿಕೆ. ಕುಡಿದ ನೀರು ಅರ್ಧ ಗಂಟೆಯೂ ಒಳಗೆ ನಿಲ್ಲುತ್ತಿರಲಿಲ್ಲ. ಒಮ್ಮೆ ತಂಗಿಯ ಮನೆಗೆ ಹೊರಟವರು ದಾರಿ ಮಧ್ಯದ ಮಲವಗೊಪ್ಪದಲ್ಲೇ ಬಸ್ಸಿನಿಂದ ಇಳಿದು, ಗುರುತಿಲ್ಲದವರ ಮನೆಯಲ್ಲಿ ಬಚ್ಚಲು ಎಲ್ಲಿ ಎಂದು ಕೇಳಿ, ಆಟೋದಲ್ಲಿ ವಾಪಸ್ ಬಂದರು. ಆಮೇಲೆ ಬಸ್ಸಿನ ಮಾತೇ ಎತ್ತಲಿಲ್ಲ. ತಂಗಿಗೆ ಕಾರಣ ಹೇಳಲು ನಾಚಿಕೆ.

"ಸೋಲ್ತೀನಿ ಅಂತ ಹೆದ್ರಿಕೊಂಡು ಕೂತಿದೀಯೇನೇ ಅಕ್ಕ?" ಎಂದು ಫೋನಿನಲ್ಲಿ ಛೇಡಿಸಿದರು ತಂಗಿ. ಅತ್ತೆ ಕಾಲುನೋವು ಎಂದರು. ಆ ದಿನ ಅವರಿಗೆ ಊಟ ಸೇರಲಿಲ್ಲ.

ಶುಗರ್ ಇರಬೇಕೆಂದು ಪರೀಕ್ಷೆ ಮಾಡಿಸಿದೆವು. ಇರಲಿಲ್ಲ. ಕೊನೆಗೆ ಡಾಕ್ಟರಮ್ಮ ಇನ್ನಷ್ಟು ರಕ್ತ ತೆಗೆಸಿ, ಕ್ಯಾಲ್ಸಿಯಂ ಬಹಳ ಏರಿದೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಎಂದರು. ನಾನು ಚೀಲವನ್ನೇ ಮೇಜಿನ ಮೇಲೆ ಸುರಿದೆ. ಮಂಡಿನೋವಿಗೆ ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟಿದ್ದು ಒಂದೇ ಕ್ಯಾಲ್ಸಿಯಂ. ಅತ್ತೆ ಎರಡನ್ನೂ ತಪ್ಪದೆ ನುಂಗಿದ್ದರು, ನಾನೂ ತಪ್ಪದೆ ಕೊಟ್ಟಿದ್ದೆ. ಡಾಕ್ಟರಮ್ಮನ ಕಣ್ಣು ಅತ್ತೆಯ ಕೆಂಪು ತುಟಿಯ ಮೇಲೆ ಬಿತ್ತು.

"ಎಲೆಗೆ ಸುಣ್ಣ ಎಷ್ಟು ಹಚ್ತೀರಮ್ಮ? ಅದೂ ಕ್ಯಾಲ್ಸಿಯಮ್ಮೇ."

"ಸುಣ್ಣ ಏನ್ ಮಾತ್ರೆನೇನಮ್ಮ, ನಿಮ್ಗೆ ಹೇಳೋಕೆ!"

ನಗು ತಡೆದುಕೊಂಡೇ ಡಾಕ್ಟರಮ್ಮ ಬಿಡಿಸಿ ಹೇಳಿದರು. "ನೀರು ಉಳಿಸ್ಕೋ ಅಂತ ಮೆದುಳಿಂದ ಕಿಡ್ನಿಗೆ ಒಂದು ಹಾರ್ಮೋನು ಬರುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದ್ರೆ ಕಿಡ್ನಿ ತನ್ನೊಳಗೇ ಪ್ರೊಸ್ಟಾಗ್ಲಾಂಡಿನ್ ಅನ್ನೋದನ್ನ ಹೆಚ್ಚಿಗೆ ಮಾಡ್ಕೊಳ್ಳುತ್ತೆ. ಅದೂ ಹಾರ್ಮೋನಿನ ಥರಾನೇ, ಆದ್ರೆ ಮೈಯೆಲ್ಲಾ ಸುತ್ತಲ್ಲ, ಅಲ್ಲಲ್ಲೇ ಪಕ್ಕದ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತೆ. ಮೆದುಳಿನ ಮಾತು ನಡೆಯೋಕೆ ಬಿಡಲ್ಲ. ನೀರೆಲ್ಲ ಹೊರಗೆ ಹೋಗುತ್ತೆ."

"ನಮ್ಮ ಹಿಂದಿನ ಮನೆಯೋಳೂ ಹಿಂಗೇ," ಅಂದರು ಅತ್ತೆ. "ಗೇಟು ದಾಟಲ್ಲ, ಅಕ್ಕಪಕ್ಕದವರ ಕಿವಿ ತುಂಬಿಸ್ತಾಳೆ."

ಮಾತ್ರೆ, ಸುಣ್ಣ ಎರಡೂ ಬಂದ್. ನೀರು ಮಾತ್ರ ಧಾರಾಳವಾಗಿ ಕುಡಿಯಬೇಕು. ಸುಣ್ಣವಿಲ್ಲದ ಎಲೆ ಹುಲ್ಲಿನ ಹಾಗಿದೆ ಎಂದು ಅತ್ತೆ ವಾರವಿಡೀ ಗೊಣಗಿದರು. ಬಾಯಾರಿಕೆ ಇಳಿಯುತ್ತಾ ಬಂತು. ಮುಂದಿನ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿತ್ತು. ರಿಪೋರ್ಟ್ ಬಂದಿದ್ದು ಬುಧವಾರ. ಮರುದಿನವೇ ಹೊರಟು ನಿಂತರು. ನನಗೇ ಧೈರ್ಯ ಸಾಲದೆ ಜೊತೆಗೆ ಹೋದೆ.

ಮಲವಗೊಪ್ಪ ಬರುತ್ತಿದ್ದಂತೆ, "ಇಳಿಯೋಣ್ವಾ ಅತ್ತೆ?" ಎಂದೆ.

"ಯಾರ ಮನೆಗೆ? ಸುಮ್ನೆ ಕೂತ್ಕೊಳೇ ಮಾರಾಯ್ತಿ!" ಹಿಂದಿನ ಸೀಟಿನವರಿಗೂ ನಗು ಬಂತು.

ಓಲ್ಡ್ ಟೌನಿನಲ್ಲಿ ಅತ್ತೆ ತಂಗಿಗೆ ಎಲ್ಲವನ್ನೂ ಹೇಳಿದರು, ಬಚ್ಚಲಿನ ಕಥೆಯನ್ನೂ ಬಿಡದೆ. ಕೇಳಿದ ತಂಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಕವಡೆ ಉರುಳಿದವು. ನಾಲ್ಕು ಗಂಟೆಯ ಹೊತ್ತಿಗೆ ತಂಗಿಯ ಎರಡು ಕಾಯಿ ಹೊಡೆತ ತಿಂದು ಮೊದಲ ಮನೆಗೇ ವಾಪಸಾಗಿದ್ದವು.

"ಕೂತು ಬಹಳ ಹೊತ್ತಾಯ್ತು ಅಕ್ಕ, ಒಂದ್ಸಲ ಬಚ್ಚಲಿಗೆ ಹೋಗ್ಬಾರದಾ?"

"ನಾನು ಆ ಕಡೆ ಹೋದ್ರೆ ನೀನು ಕಾಯಿ ಸರಿಸೋಕಾ? ಏಳಲ್ಲ ಹೋಗೇ," ಎಂದ ಅತ್ತೆ, ಕವಡೆಗಳನ್ನು ಅಂಗೈಯಲ್ಲಿ ಗಲಗಲ ಅನ್ನಿಸಿ ಬೀಸಿದರು.